ಹಬೆ ಸುಟ್ಟಿದ್ದಲ್ಲ

ಈ ಫ್ಯಾನಿನ ಗಾಳಿ, ಅಬ್ಬ, ಮೈಗೆ ತಗಲಿದರೂ ಇವತ್ತು ಉರಿಯುತ್ತಿಲ್ಲ, ಆಸ್ಪತ್ರೆಯ ಬೆಂಚಿಗೆ ಬೆನ್ನು ಆನಿಸಿ ಕೂತಿದ್ದೇನೆ, ಬೆನ್ನು ಆನಿಸುವುದು ಇಷ್ಟು ಸುಖವೇ — ಮೊಣಕೈಯ ಗುಳ್ಳೆಗಳು ಬಾಡಿವೆ, ಮಣಿ ಪೋಣಿಸಿದ ಹಾಗೆ ಸುತ್ತಲೂ ಎದ್ದಿದ್ದವು, ನೀರು ತುಂಬಿ, ಕಾಲಿನ ಕೀವಿಗೆ ಇಂಜೆಕ್ಷನ್ನು ಚುಚ್ಚಿಸಿಕೊಳ್ಳುತ್ತಿದ್ದ ವಾರವದು, ಮೊದಲ ದಿನ ನಾನೇ ನಕ್ಕಿದ್ದೆ, ಇಸ್ತ್ರಿ ಮಾಡುವವಳಿಗೆ ಹಬೆ ಹೊಡೆಯದೆ ಇನ್ನೇನು ತಂಗಾಳಿ ಹೊಡೆಯುತ್ತದೆಯೇ, ಅಂಗಡಿಯವರೆಲ್ಲ ಹೌದೆಂದರು, ಪಕ್ಕದ ಮೇಜಿನವಳು ಸುಟ್ಟಗಾಯದ ಮುಲಾಮು ತಂದಳು, ಅಜ್ಜಿ, ನಿಮ್ಗೆ ಕಣ್ಣು ಮಂಜು, ಇನ್ಮೇಲೆ ಬಟ್ಟೆ ಮಡಚ್ತಾ ಕೂತ್ಕೊಳ್ಳಿ, ಇಸ್ತ್ರಿಪೆಟ್ಟಿಗೇನೂ ಉಸಿರು ಬಿಡ್ಲಿ, ಮುಲಾಮು ಹಚ್ಚಿದೆ, ಹಚ್ಚಿದೆ, ಆಮೇಲೆ ಹೊಟ್ಟೆಯ ಮೇಲೂ ಎದ್ದವು, ಬಟ್ಟೆಯೊಳಗಿನ ಹೊಟ್ಟೆಗೆ ಯಾವ ಹಬೆ? ಸೊಸೆಯ ಮುಖ ಅವತ್ತೇ ಸಣ್ಣದಾಯಿತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅತ್ತೆ, ಬೇಜಾರ್ ಮಾಡ್ಕೋಬೇಡಿ, ಮಗೂಗೆ ಅಂಟ್ಕೊಂಡ್ರೆ ಏನ್ ಗತಿ, ವಾಸಿಯಾಗೋವರೆಗೂ ದೂರದಿಂದ್ಲೇ ನೋಡಿ — ನೋಡಿದೆ, ಬಾಗಿಲಾಚೆ ನಿಂತು, ಮೊಮ್ಮಗಳು ಅತ್ತರೆ ಎರಡು ತೋಳೂ ತಾವಾಗಿ ಏಳುತ್ತವೆ, ಇಳಿಸುತ್ತೇನೆ, ಮತ್ತೆ ಏಳುತ್ತವೆ. ಈ ಡಾಕ್ಟರಮ್ಮನೋ, ಮೊದಲ ಸಲ ಇಲ್ಲಿಗೆ ಬಂದಾಗ ಗುಳ್ಳೆ ನೋಡುತ್ತ ಹೊಟ್ಟೆಯ ಮಾತು ತೆಗೆದರು, ಮಲದಲ್ಲಿ ರಕ್ತ ಹೋಗುತ್ತಾ ಅಜ್ಜಿ, ನಾನು ಗೋಡೆ ನೋಡಿದೆ, ಸೊಸೆ ಪಕ್ಕದಲ್ಲೇ, ಹೋಗುತ್ತೆ ತಾಯಿ, ವರ್ಷವೇ ಆಯ್ತು, ಮೂಲವ್ಯಾಧಿ ಅಂದ್ಕೊಂಡು ಸುಮ್ಮನಿದ್ದೆ — ಅಯ್ಯೋ ಅತ್ತೆ, ನನ್ಗೊಂದ್ ಮಾತು ಹೇಳ್ಬಾರ್ದಾ, ಬಚ್ಚಲಿಗೆ ಹೋದೋರು ಬರೋದೇ ಇಲ್ಲ, ಅಲ್ಲೇ ನಿದ್ದೆ ಹೋದ್ರೇನೋ ಅಂದ್ಕೊಳ್ತಿದ್ದೆ — ಚರ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕರುಳಿಗೆ ಕೊಳವೆ ಇಳಿಸಿ ನೋಡಿದರು, ಇವತ್ತು ಬಿಡಿಸಿ ಹೇಳಿದರು, ಹಬೆಯಲ್ಲ ಅಜ್ಜಿ, ನಿಮ್ಮ ಮೈಯನ್ನ ಕಾಯೋ ಶಕ್ತೀನೇ ದಾರಿ ತಪ್ಪಿ ಕರುಳಿಗೆ ಹೊಡೀತಿತ್ತು, ಅದಕ್ಕೇ ಕರುಳು ಊದಿರೋದು, ಕಾಲಿನ ಕೀವಿಗೆ ಕೊಟ್ಟ ಇಂಜೆಕ್ಷನ್ನು ಅದನ್ನ ಇನ್ನಷ್ಟು ಕೆಣಕಿ ಚರ್ಮದ ಮೇಲೂ ಎತ್ತಿಕಟ್ಟಿತು, ನಿಲ್ಲಿಸಿದ ಮೇಲೆ ಹೊಸ ಗುಳ್ಳೆ ಎದ್ದಿಲ್ಲ ನೋಡಿ, ಆ ಔಷಧಿ ಇನ್ಯಾವತ್ತೂ ತಗೋಬೇಡಿ, ಕರುಳಿನ ಮಾತ್ರೆ ಮಾತ್ರ ಬಿಡಬೇಡಿ, ಅವರು ಹೇಳುತ್ತಲೇ ಇದ್ದರು, ನನಗೆ ಬೇಕಿದ್ದದ್ದು ಒಂದೇ, ಅಂಟುತ್ತಾ ತಾಯಿ, ಇಲ್ಲ ಅಜ್ಜಿ, ಯಾರಿಗೂ ಅಂಟಲ್ಲ, ಕಿವಿ ಅಲ್ಲಿಗೇ ಮುಚ್ಚಿಹೋಯಿತು, ಸೊಸೆ ಮೂಗೊರೆಸಿಕೊಂಡಳು, ಹೊರಗೆ ಬಂದವಳೇ ಕಂಕುಳಲ್ಲಿದ್ದ ಕೂಸನ್ನು ನನ್ನ ಮಡಿಲಿಗೆ ಹಾಕಿ, ಹಿಡ್ಕೊಳ್ಳಿ ಅತ್ತೆ, ಮಾತ್ರೆ ತರ್ತೀನಿ, ಅತ್ತರೆ ನಿಮ್ದೇ ಪಾಡು, ತಿರುಗಿ ನೋಡದೆ ಹೋದಳು — ಎಷ್ಟು ಭಾರ ಆಗಿದ್ದೀಯೇ ಪುಟ್ಟಿ, ಹಾಲಿನ ವಾಸನೆ, ಬಿಸಿ ತಲೆ, ಅಲ್ಲೇನು ಹುಡುಕುತ್ತೀ, ಚರ್ಮ ತೆಗೆದ ಜಾಗದ ಪಟ್ಟಿಯಿಂದ ಬಿಟ್ಟ ಬಿಳಿ ದಾರ, ಹಿಡಿದುಬಿಟ್ಟಳು, ಇಷ್ಟೇ ಇಷ್ಟು ಮುಷ್ಟಿ, ಎಳೆಯುತ್ತಾಳೆ, ಚುರ್ ಎನ್ನುತ್ತದೆ, ಎನ್ನಲಿ, ಎಳಿಯೇ ತಾಯಿ, ಮುಷ್ಟಿಯೊಳಗೆ ದಾರ, ಬಿಳಿ ದಾರ, ಆ ಮುಷ್ಟಿ, ಬಿಡುವುದಿಲ್ಲ, ಆ ಮುಷ್ಟಿ