ನವಿಲಿನ ತಲೆಗೊಂದು ಬಿಲ್ಲೆ

ಆ ಬೇಸಿಗೆಯಲ್ಲಿ ಬನಹಟ್ಟಿಯ ಜಕ್ಕಪ್ಪನ ಮಗ್ಗದ ಮೇಲೆ ಹುಟ್ಟಿದ ನವಿಲುಗಳಿಗೆಲ್ಲ ಕುತ್ತಿಗೆಯವರೆಗೆ ಮಾತ್ರ ಮೈ. ಮಗ್ಗಕ್ಕೆ ಹೊಸದಾಗಿ ಕೂಡಿಸಿದ್ದ ಎಲೆಕ್ಟ್ರಾನಿಕ್ ಪೆಟ್ಟಿಗೆ ನವಿಲಿನ ಕಾಲಿನಿಂದ ಮೇಲಕ್ಕೆ ಚಿತ್ತಾರ ಎತ್ತುತ್ತ ಬಂದು, ಮಧ್ಯಾಹ್ನದ ಝಳ ಏರುತ್ತಲೇ ಕಾದು ಕೈಚೆಲ್ಲುತ್ತಿತ್ತು.

"ಈ ಸೀರಿ ಉಟಗೊಂಡು ನಾ ಲಗ್ನದಾಗ ಅಕ್ಕಿಕಾಳಿಗೆ ನಿಂತ್ರ, ಬೀಗರು ಮೊದಲ ನನ್ನ ತಲಿ ಐತಿಲ್ಲೋ ಅಂತ ನೋಡ್ತಾರ!" ಎಂದಳು ಮದುಮಗಳಾಗಲಿದ್ದ ಮಗಳು ಶೇವಂತಿ.

"ಇನ್ನೊಮ್ಮೆ ನಿಂತ್ರ ಪೆಟ್ಟಿಗಿ ಗುಜರಿಗೆ," ಎಂದ ಜಕ್ಕಪ್ಪ.

ಸರಿತಾ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಜಮಖಂಡಿಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಈ ಸೊಸೆಯೇ ಹಟ ಹಿಡಿದು ಪೆಟ್ಟಿಗೆ ತರಿಸಿದವಳು. ಬಿಚ್ಚಿ ನೋಡಿದಳು. ತಾಮ್ರದ ಬಿಲ್ಲೆಯ ಮೇಲೆ ಬೆಸೆದಿದ್ದ ಸಿಲಿಕಾನ್ ಚಿಪ್ಪಿನಡಿ ಕೂದಲೆಳೆಯ ಬಿರುಕು.

"ಮಾವಾರ, ಹಾಸಿಗೊಂದು ಜಾತಿ ನೂಲು, ಹೊಕ್ಕಿಗಿನ್ನೊಂದು ಜಾತಿ ನೂಲು ಹಾಕಿ ನೇದ್ರ ಒಗದಾಗ ಏನಾಕ್ಕೈತ್ರಿ?"

"ಒಂದು ಕುಗ್ಗತೈತಿ, ಒಂದು ಕುಗ್ಗಂಗಿಲ್ಲ. ಬಟ್ಟಿ ಮುದುಡತೈತಿ."

"ಇಲ್ಲೂ ಹಂಗ ಆಗೇತ್ರಿ. ಕಾದಾಗ ತಾಮ್ರ ಬಾಳ ಹಿಗ್ಗತೈತಿ, ಚಿಪ್ಪ ಹಿಗ್ಗಂಗಿಲ್ಲ. ನಡಕಿನ ಬೆಸಿಗಿ ಸೀಳತೈತಿ. ಬಿಸಿ ಲಗೂನ ದಾಟಿಸ್ಬೇಕು, ತಾ ಮಾತ್ರ ಹಿಗ್ಗಬಾರ್ದು, ಅಂಥಾ ಬಿಲ್ಲಿ ಬೇಕು. ಅಲ್ಯೂಮಿನಿಯಂ ಕರಗಿಸಿ, ಹಿಗ್ಗಲಾರದ ಸಾಣಿಕಲ್ಲಿನ ಪುಡಿ ಕಲಸ್ತೇನಿ."

"ಕಡ್ಲಿಹಿಟ್ಟು ಬಿಟ್ಟು ಲೋಹದ ಝುಣಕಾ ಮಾಡ್ತಾಳ ನೋಡ ಯಪ್ಪಾ ನಿನ್ನ ಸೊಸಿ!" ಶೇವಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದದ್ದೂ ಅದೇ. ಪಾಲಿಟೆಕ್ನಿಕ್ಕಿನ ಕುಲುಮೆಯಲ್ಲಿ ತಣ್ಣನೆಯ ಪುಡಿಯನ್ನು ಒಮ್ಮೆಲೇ ಸುರಿದಾಗ, ಅವಸರದ ಝುಣಕದಂತೆ ಗಂಟುಗಂಟಾಯಿತು. ಮರುದಿನ ಪುಡಿಯನ್ನು ಮೊದಲು ಚೆನ್ನಾಗಿ ಕಾಯಿಸಿ, ಚೂರುಚೂರೇ ಉದುರಿಸುತ್ತ, ಕೈ ಬಿಡದೆ ತಿರುವಿದಳು. ಬೂದುಬಣ್ಣದ ಬಿಲ್ಲೆ ನುಣ್ಣಗೆ ಕೂತಿತು. ಅದರ ಮೇಲೆ ಹೊಸ ಚಿಪ್ಪು ಬೆಸೆದು, ಮದುವೆಯ ಹಿಂದಿನ ದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೂರಿಸಿ, ಮಗ್ಗ ಚಾಲೂ ಮಾಡಿಸಿ, "ಪೆಟ್ಟಿಗಿ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಕ್ಲಾಸಿಗೆ ಓಡಿದಳು.

ಮಧ್ಯಾಹ್ನ ಬಸ್ಸಿಳಿದು ಓಣಿಗೆ ಬಂದರೆ ಮಗ್ಗ ಖಟಾಖಟ್ ಎನ್ನುತ್ತಿತ್ತು. ಜೀವ ಹಗುರಾಯಿತು. ಒಳಗೆ ಕಾಲಿಟ್ಟು ನೋಡಿದಳು. ಪೆಟ್ಟಿಗೆ ಹಸಿರು ಕುಪ್ಪಸದ ಖಣ ಹೊದ್ದು ಕೂತಿತ್ತು. ಅದರ ನೆತ್ತಿಯಲ್ಲಿದ್ದ, ಬಿಸಿ ಹೊರಹಾಕುವ ಫ್ಯಾನಿನ ಜಾಳಿಗೆಯ ಮೇಲೆಯೇ ಅರಿಷಿಣದ ಅಕ್ಕಿ, ಅಡಿಕೆ; ಪಕ್ಕದಲ್ಲೊಂದು ತೆಂಗಿನಕಾಯಿ; ಎಲ್ಲದರ ಮೇಲೂ ಖಣದ ಬಿಗಿ ಗಂಟು.

"ಅತ್ತಿ! ಇದೇನ್ರಿ? ಪೆಟ್ಟಿಗಿ ಉಸಿರುಗಟ್ಟಿ ನಿಲ್ಲತೈತ್ರಿ!"

"ಉಡಿ ತುಂಬೇನಿ," ಎಂದಳು ಅತ್ತೆ ಲಕ್ಷ್ಮವ್ವ, ಹೆಮ್ಮೆಯಿಂದ. "ಮನಿಗೆ ಬಂದ ಹೊಸಾದಕ್ಕ ಉಡಿ ತುಂಬಲಾರದ ದುಡಿಸಾಕ ಆಕ್ಕೈತೇನ? ನಿನಗೂ ತುಂಬಿದ್ವಿ. ನೀ ಏನ ಉಸಿರುಗಟ್ಟಿ ನಿಂತೇನ?"

"ಯಾವಾಗ ತುಂಬಿದ್ರಿ?"

"ನೀ ಅತ್ತ ಹ್ವಾದಿ, ನಾ ಇತ್ತ ತುಂಬಿದೆ."

ಅಂದರೆ ಬೆಳಗಿನಿಂದ ಗಾಳಿಯೇ ಇಲ್ಲ! ಸರಿತಾ ಪೆಟ್ಟಿಗೆ ಮುಟ್ಟಿದವಳೇ ಚುರುಕ್ಕೆಂದು ಕೈ ಹಿಂದೆಳೆದಳು.

"ಬಂದ್ ಮಾಡಬ್ಯಾಡ!" ಜಕ್ಕಪ್ಪ ಸೆರಗಿನ ಮೇಲೆ ಬಾಗಿ ಕೂಗಿದ. "ಕುತ್ತಿಗಿ ದಾಟಾಕತ್ತೈತಿ!"

ಎಲ್ಲರೂ ಬಾಗಿದರು. ಕುತ್ತಿಗೆ ಬಳುಕಿತು. ಕೊಕ್ಕು ಮೂಡಿತು. ಒಂದು ಕಣ್ಣು. ಆಮೇಲೆ ಜಂಬದಿಂದ ನೆಟ್ಟಗೆ ನಿಂತ ತುರಾಯಿ.

"ತಲಿ ಬಂತೋ ಯಪ್ಪಾ!" ಶೇವಂತಿ ಚೀರಿದಳು. ಇಷ್ಟು ಕಾದರೂ ಬೂದುಬಣ್ಣದ ಬಿಲ್ಲೆಯ ಬೆಸುಗೆ ಸೀಳಿರಲಿಲ್ಲ.

ಸರಿತಾ ಖಣದ ಗಂಟು ಬಿಚ್ಚಿ ಸರಕ್ಕನೆ ಎಳೆದಳು. ಬಿಡುಗಡೆಯಾದ ಫ್ಯಾನು ಭುಸ್ಸೆಂದಿತು. ಅರಿಷಿಣದ ಅಕ್ಕಿ ಚಿಮ್ಮಿ ನವಿಲಿನ ಮೇಲೆ, ಮಾವನ ಮೀಸೆಯ ಮೇಲೆ, ಶೇವಂತಿಯ ತಲೆಯ ಮೇಲೆ ಸುರಿಯಿತು.

"ಅಯ್ಯ, ವರ ಬರೂಕಿಂತ ಮೊದಲ ಅಕ್ಕಿಕಾಳು ಬಿದ್ದೂವಲ್ಲಬೇ!" ಎಂದಳು ಶೇವಂತಿ.

"ಆತು, ಲಗ್ನ ಆತು. ನಾಳೆ ಬರೇ ಊಟ!" ಎನ್ನುತ್ತ ಜಕ್ಕಪ್ಪ ತೆಂಗಿನಕಾಯಿಗೆ ಕೈ ಹಾಕಿದ. ಕಾದ ಕಾಯಿ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಲಕ್ಷ್ಮವ್ವನ ಉಡಿಗೆ ಹಾರಿತು. "ಲಗೂನ ಒಡಿಯ, ಒಳಗ ಸಾರ ಕುದ್ದೈತಿ! ಪೆಟ್ಟಿಗಿಗೆ ಮೊದಲ ಹೋಳು ತೋರಿಸು. ಗುಜರಿ ಅಂದದ್ದು ಅದು ಮನಸಿಗೆ ಹಚಗೋಬಾರ್ದು."

ಅದಕ್ಕೆಲ್ಲಿಯ ಪುರುಸೊತ್ತು? ಮಗ್ಗದ ಮೇಲೆ ಆಗಲೇ ಎರಡನೆಯ ನವಿಲಿನ ಕಾಲು ಮೂಡುತ್ತಿತ್ತು.