ಸಪ್ಪಳ ಮಾಡದ ಬಳೆಗಳು

ಮುಡಬಿಯ ದ್ರೌಪತಿಗೆ ಆ ಮಧ್ಯಾಹ್ನ ಮೊದಲು ಅನುಮಾನ ಬಂದದ್ದು ಬಳೆಗಳಿಂದ. ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಒಳಗೆ ಸೊಸೆ ಆಮ್ರಪಾಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಏಳನೇ ತಿಂಗಳ ಕುಬಸದ ದಿನ ಸೊಸೆಯ ಎರಡೂ ಕೈತುಂಬ ಹಸಿರು ಬಳೆ ತೊಡಿಸಿದ್ದರು. ತಿಂಗಳಿಡೀ ಅವುಗಳ ಗಲಗಲ ಕೇಳಿ ಕೇಳಿ ದ್ರೌಪತಿಯ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಈಗ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಬಳೆಗಳ ಸದ್ದೇ ಇರಲಿಲ್ಲ.

ದೆವ್ವ ಹೊಕ್ಕ ಹೆಂಗಸಿನ ಕೈಯ ಬಳೆ ಸಪ್ಪಳ ಮಾಡುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅವಳ ಅಜ್ಜಿ ಹೇಳುತ್ತಿದ್ದಳು. ಮಟಮಟ ಮಧ್ಯಾಹ್ನದಲ್ಲಿ ಅದು ಯಾಕೆ ನೆನಪಾಯಿತೋ, ದ್ರೌಪತಿ ಮೊರ ಅಲ್ಲೇ ಬಿಟ್ಟು ಬಾಗಿಲಿಗೆ ಬಂದಳು.

ಆಮ್ರಪಾಲಿ ತಲೆ ಎತ್ತಿ ನೋಡಿದಳು. ಅವಳ ಮುಖ ಊದಿಕೊಂಡು ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

"ಅತ್ತೀ, ಎಲ್ಲಿದ್ದೀರಿ? ತಲಿ ಸಿಡ್ಯಾಕತ್ತದ. ಕಣ್ಣ ಮುಂದ ಕಿಡಿ ಉದರಾಕತ್ತಾವ. ಬಾಗಲದಾಗ ಯಾರೋ ನಿಂತಾರ, ಮಾರಿನೇ ಇಲ್ಲ ಅವರಿಗಿ."

ಮುಖವೇ ಇಲ್ಲದಂತೆ ಅವಳಿಗೆ ಬಾಗಿಲಲ್ಲಿ ಕಂಡವಳು ದ್ರೌಪತಿಯೇ!

'ಕಿಡಿ ಉದರಾಕತ್ತಾವ' ಎಂಬ ಈ ಮಾತನ್ನು ಅವಳು ಮೂವತ್ತು ವರ್ಷದ ಹಿಂದೆ ನಾರಾಯಣಪುರದ ತವರಿನಲ್ಲಿ ಕೇಳಿದ್ದಳು. ಹೇಳಿದವಳು ಅವಳ ಅಕ್ಕ ಬಾಳವ್ವ. ಅವಳಿಗೂ ಆಗ ಎಂಟು ತಿಂಗಳು ತುಂಬಿತ್ತು. ಗಾಳಿ ಹಿಡಿದಿದೆ ಎಂದು ಮನೆಯವರು ಬೇವಿನ ಸೊಪ್ಪಿನಿಂದ ಇಳಿ ತೆಗೆಯುತ್ತ ಕೂತರು. ಹೊತ್ತು ಮುಳುಗುವಷ್ಟರಲ್ಲಿ ಬಾಳವ್ವನ ಮೈ ಸೆಟೆಯಿತು, ಬಾಯಲ್ಲಿ ನೊರೆ ಬಂತು. ಹೊಟ್ಟೆಯ ಕೂಸಿನ ಜೊತೆ ಹೋಗಿಬಿಟ್ಟಳು. ಆ ಮಾತು ಈಗ ಸೊಸೆಯ ಬಾಯಲ್ಲಿ ಬಂದಿದೆ ಎಂದರೆ ಬಂದವಳು ಅಕ್ಕನೇ, ಸೊಸೆಯನ್ನು ಕರೆದೊಯ್ಯಲು ಬಂದಿದ್ದಾಳೆ ಎಂದು ದ್ರೌಪತಿ ನಡುಗಿದಳು.

ಮಗ ದೇವಿದಾಸ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಊರಿಗೆಲ್ಲ ಗುಳಿಗೆ ಮಾಡುವವನ ಮನೆಯಲ್ಲೇ ಈ ಪಾಡು! ಪಾಳಿ ಮುಗಿಯುವ ತನಕ ಅವನ ಫೋನು ಬಂದ್. ದ್ರೌಪತಿ ತಾಯಿತ ಕಟ್ಟುವ ದತ್ತಾತ್ರಿಗೆ ಫೋನು ಹಚ್ಚಿದಳು.

"ದೀಪ ಹಚ್ಚೂ ಹೊತ್ತಿಗಿ ಬರ್ತೀನಿ" ಎಂದ ಅವನು. "ಅಲ್ಲೀತನಕ ಕತ್ತಲ ಖೋಲ್ಯಾಗ ಕೂಡ್ರಸ್ರಿ. ಹೊಸ್ತಿಲ ದಾಟಸಬ್ಯಾಡ್ರಿ."

ಹಾಗೇ ಮಾಡಿ, ದ್ರೌಪತಿ ಹೊಸ್ತಿಲಿಗೆ ಅಡ್ಡ ಕೂತಳು. ಕತ್ತಲೆಯಲ್ಲಿ ಸೊಸೆ ನರಳುವುದು ಕೇಳುತ್ತಿತ್ತು.

ಆಗಲೇ ಆಶಾ ಕಾರ್ಯಕರ್ತೆ ಸುಗಂಧಾ ಬಂದಳು. ಹೆಗಲಿಗೆ ಚೀಲ, ಮುಖದಲ್ಲಿ ಸಿಟ್ಟು.

"ಮಾವಶಿ, ಒಂಬತ್ತನೇ ತಾರೀಖಿಗಿ ಚೆಕಪ್‌ಗೆ ಕರಕೊಂಡು ಬರ್ರಿ ಅಂದಿದ್ದೆ. ಯಾಕ ಬರಲಿಲ್ಲ?"

"ಅವತ್ತ ಅಮಾಸಿ ಇತ್ತು. ಬಸರಿನ್ನ ಅಮಾಸಿ ದಿನ ಹೊರಗ ಕಳಸ್ತಾರೇನು? ನೀ ಈಗ ಒಳಗ ಬರಬ್ಯಾಡ ಸುಗಂಧಾ. ಆಕಿಗಿ ಗಾಳಿ ಹಿಡದದ. ನಮ್ಮ ಅಕ್ಕ ಬಾಳವ್ವಗ ಬಸರಾಗ ಹಿಡದದ್ದೇ ಇದು, ಹೊತ್ತ ಮುಣಗೂದ್ರಾಗ ಆಕಿನ್ನ ಒಯ್ತು."

ಸುಗಂಧಾ ಜಗಳಕ್ಕೆ ನಿಲ್ಲಲಿಲ್ಲ. ಹೊಸ್ತಿಲ ಹೊರಗೆ ಕೂತು ಮೆಲ್ಲಗೆ ಕೇಳಿದಳು. "ನಿಮ್ಮ ಅಕ್ಕನ ಮಾರಿ ಬಾತಿತ್ತೇನು? ಮುಂಜಾನೆ ಎದ್ದಕೂಡಲೆ ಕಣ್ಣ ಸುತ್ತ ಊದಿರತಿತ್ತೇನು?"

"ಹೌದು."

"ಕಾಲುಂಗರ ಬಿಗಿ ಆಗಿದ್ದವೇನು?"

"ಸಾಬಾಣ ಹಚ್ಚಿ ತೆಗದಿದ್ವಿ."

"ತಲಿಬ್ಯಾನಿ ಇಳೀಲೇ ಇಲ್ಲ, ಹೌದಿಲ್ಲೋ? ಎದಿ ಕೆಳಗ, ಹೊಟ್ಟಿ ಮ್ಯಾಲಿನ ಭಾಗ ನೋಯತದ ಅಂತ ಅಳತಿದ್ದಳೇನು?"

ಇದನ್ನೆಲ್ಲ ದ್ರೌಪತಿ ಯಾರಿಗೂ ಹೇಳಿರಲಿಲ್ಲ, ಹೆತ್ತ ಮಗನಿಗೂ ಹೇಳಿರಲಿಲ್ಲ. ಎದುರು ಕೂತ ಹುಡುಗಿಯನ್ನು ಭಯದಿಂದ ನೋಡಿದಳು.

"ನೀ ಆಗ ಹುಟ್ಟೇ ಇರಲಿಲ್ಲ. ಯಾರು ಹೇಳಿದರು ನಿನಗ?"

"ಯಾರೂ ಹೇಳಿಲ್ಲ ಮಾವಶಿ. ನಿಮ್ಮ ಅಕ್ಕನ್ನ ನಾ ಕಂಡಿಲ್ಲ, ಆದ್ರ ಆ ಬ್ಯಾನಿ ಕಂಡೀನಿ. ಬಸರಾಗ ಬಿ.ಪಿ. ಏರಿದ್ರ ಯಾರಿಗಾದ್ರೂ ಹಿಂಗ ಆಗಬಹುದು. ಬಡವರಿರಲಿ, ಸಾವಕಾರರಿರಲಿ. ಇನ್ನಾ ಏರಿತಂದ್ರ ಮೂರ್ಛಿ ಬರತದ. ಜರಾ ಸರೀರಿ, ನೋಡತೀನಿ."

ದ್ರೌಪತಿ ಕಾಲು ಸರಿಸಿದಳೋ, ಕಾಲೇ ಸರಿಯಿತೋ, ಸುಗಂಧಾ ಒಳಗೆ ಹೋಗಿ ಕಿಟಕಿ ತೆರೆದಳು. ಬೆಳಕಿಗೆ ಆಮ್ರಪಾಲಿಯ ಕೈ ಕಂಡಿತು. ಮಣಿಕಟ್ಟು ಊದಿ ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು.

"ಹಿಂಗ ಬಿಗದಿದ್ದರ ಸಪ್ಪಳ ಹ್ಯಾಂಗ ಮಾಡತಾವ?" ಎಂದಳು ಸುಗಂಧಾ.

"ಮೈ ತುಂಬಕೊಂಡಾಳಂತ ನಾ ಖುಷಿಪಟ್ಟಿದ್ದೆ" ಎಂದಳು ದ್ರೌಪತಿ.

ಸುಗಂಧಾ ಚೀಲದಿಂದ ತೆಗೆದ ಬಿ.ಪಿ. ಯಂತ್ರದ ಪಟ್ಟಿ ತೋಳಿಗೆ ಬಿಗಿಯಿತು. ನೂರಾ ಎಪ್ಪತ್ತಕ್ಕೆ ನೂರಾ ಹದಿನಾಲ್ಕು. ಸ್ವಲ್ಪ ತಡೆದು ಮತ್ತೆ ನೋಡಿದರೂ ಅಷ್ಟೇ.

"ನೂರಾ ನಲವತ್ತಕ್ಕ ತೊಂಬತ್ತು ಆದ್ರನೇ ಡಾಕ್ಟರಿಗಿ ತೋರಸಬೇಕು. ಇದು ಭಾಳ ಆಗೇದ. ಈಗಿಂದೀಗ ಹೋಗಬೇಕು."

"ದತ್ತಾತ್ರಿ ಸಂಜಿಗಿ ಬರತೀನಂದಾನ..."

"ಸಂಜಿತನಕ ಈಕಿ ಇರತಾಳೇನು ಮಾವಶಿ? ಬಾಳವ್ವ ಇದ್ದಳೇನು?"

ದ್ರೌಪತಿ ಸೊಸೆಯ ಊದಿದ ಮುಖ ನೋಡಿದಳು. ಮಗನನ್ನು ಕೇಳುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. "ಹಚ್ಚು ಫೋನ, ಜಲ್ದಿ ಹಚ್ಚು!" ಎಂದು ಕೂಗಿದಳು.

108ರ ಗಾಡಿ ಬಂತು. ಆಮ್ರಪಾಲಿಯನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ಬಸವಕಲ್ಯಾಣದ ದಾರಿ ಹಿಡಿದರು. ಆಸ್ಪತ್ರೆಯ ಮಂಚಕ್ಕೆ ಹಾಕಿದರೋ ಇಲ್ಲವೋ, ಅವಳ ಕಣ್ಣು ಮೇಲಾದವು. ಮೈ ಸೆಟೆದು ಮಂಚ ಗಡಗಡ ಅಲುಗಿತು. ದ್ರೌಪತಿ ಗೋಡೆಗೆ ಒರಗಿ ಅದನ್ನು ನೋಡಿದಳು. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿದರೆ ಸಾಕು, ಅವಳಿಗೆ ಕಾಣುತ್ತಿದ್ದದ್ದು ಇದೇ. ಆದರೆ ಇಲ್ಲಿ ಯಾರೂ ಬೇವಿನ ಸೊಪ್ಪಿಗೆ ಓಡಲಿಲ್ಲ. ನರ್ಸ್ ಅವಳನ್ನು ಮಗ್ಗುಲಿಗೆ ಹೊರಳಿಸಿ ಆಕ್ಸಿಜನ್ ಹಚ್ಚಿದಳು, ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಮೈ ಸಡಿಲಾಯಿತು, ಉಸಿರು ನೆಟ್ಟಗಾಯಿತು.

ದ್ರೌಪತಿ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮ ಅಕ್ಕಗ ದೆವ್ವ ಹಿಡದಿರಲಿಲ್ಲ ಸುಗಂಧಾ. ಇಷ್ಟು ವರ್ಷ ಆಕಿಗಿ ನಾ ಅಂಜಕೋತ ಬಂದೆ. ದವಾಖಾನಿಗಿ ಒಯ್ದಿದ್ದರ ಉಳೀತಿದ್ದಳೇನೋ!"

ಸಂಜೆ ಆಪರೇಶನ್ ಆಯಿತು. ಹುಟ್ಟಿದ ಹೆಣ್ಣುಕೂಸು ಎರಡು ಕಿಲೋ ಕೂಡ ಇರಲಿಲ್ಲ, ಆದರೆ ಅಳು ಜೋರಿತ್ತು. ತಾಯಿಗೂ ಎಚ್ಚರವಾಯಿತು. ಪಾಳಿ ಮುಗಿದು ಸುದ್ದಿ ತಿಳಿದ ದೇವಿದಾಸ ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದ. ಅಷ್ಟರಲ್ಲಿ ದತ್ತಾತ್ರಿಯ ಫೋನು. "ಬಾಗಲಕ್ಕ ಕೀಲಿ ಅದಲ್ಲರಿ, ಎಲ್ಲಿದ್ದೀರಿ?"

"ದವಾಖಾನ್ಯಾಗ" ಎಂದಳು ದ್ರೌಪತಿ. "ನಿಮ್ಮ ಸೊಸಿನೂ ಬಸರದಾಳಲ್ಲ? ನಾಳಿ ಕರಕೊಂಡು ಬರ್ರಿ, ಬಿ.ಪಿ. ನೋಡಸ್ರಿ. ನಾ ಇಲ್ಲೇ ಇರತೀನಿ."

ಇದನ್ನು ಓದುತ್ತಿರುವ ಅತ್ತೆಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾಳೆಯೇ? ಇವತ್ತು ಅವಳ ಮುಖ, ಕೈಗಳನ್ನು ಒಮ್ಮೆ ಸರಿಯಾಗಿ ನೋಡಿ. ಐದು ತಿಂಗಳಾದ ಮೇಲೆ ಮುಖ ಕೈ ಒಮ್ಮೆಲೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಕಿಡಿ ಕಂಡರೆ, ಹೊಟ್ಟೆಯ ಮೇಲ್ಭಾಗ ನೋವಾದರೆ ಸಂಜೆಯ ತನಕ ಕಾಯಬೇಡಿ. ಕೆಲವರಿಗೆ ಇಂಥ ಯಾವ ಸೂಚನೆಯೂ ಇಲ್ಲದೆ ಬಿ.ಪಿ. ಏರಿರುತ್ತದೆ. ಅದಕ್ಕೇ ತಪಾಸಣೆಯ ದಿನ ಅಮಾವಾಸ್ಯೆ ಬಂದರೂ ತಪ್ಪಿಸಬೇಡಿ, ತಾಯಿ ಕಾರ್ಡು ಹಿಡಿದು ಹೊರಡಿ. ಬಿ.ಪಿ. ಮತ್ತು ಮೂತ್ರದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತೊಂದರೆ ಕಂಡ ಕೂಡಲೇ ಆಶಾ ಅಕ್ಕನನ್ನು ಕರೆಯಿರಿ, 108ಕ್ಕೆ ಫೋನು ಹಚ್ಚಿ. ಮನೆಯ ಯಜಮಾನ ಬರಲಿ ಎಂದು ಕೂರಬೇಡಿ. ಹತ್ತಿರ ಇದ್ದವರು ಯಾರೇ ಆಗಲಿ, ಅವರೇ ಅವಳನ್ನು ಹೊಸ್ತಿಲು ದಾಟಿಸಬೇಕು.