ಪುಸ್ತಕದಲ್ಲಿಲ್ಲದ ಅಂಗಿ

‘ಅಳಿವೆ’ ತ್ರೈಮಾಸಿಕದಲ್ಲಿ ನನ್ನ ಕವನ ಸಂಕಲನದ ವಿಮರ್ಶೆ ಬಂತು. ಎರಡು ಪುಟ, ಜೊತೆಗೆ ಮುಖಪುಟದ ಚಿತ್ರ. ಬರೆದವರು ಕಾಲೇಜಿನಲ್ಲಿ ಕನ್ನಡ ಕಲಿಸುವ ಯೋಗೀಶ್. ಹೊಗಳಿಕೆಗೇನೂ ಬರವಿರಲಿಲ್ಲ. ರಮ್ಲಾ ಅವರ ‘ಅಂಗಿ’ ಈ ಸಂಕಲನದ ಜೀವಾಳ ಎಂದು ಬರೆದು, ಅದರ ನಾಲ್ಕು ಸಾಲುಗಳನ್ನೂ ಕೊಟ್ಟಿದ್ದರು.

ತೊಂದರೆ ಒಂದೇ. ‘ಅಂಗಿ’ ಎಂಬ ಕವಿತೆ ನನ್ನ ಪುಸ್ತಕದಲ್ಲಿ ಇಲ್ಲ.

ಹಸ್ತಪ್ರತಿಯಲ್ಲಿತ್ತು. ಕವಿತೆಯಲ್ಲಿ ಗಂಡ ಸೌದಿಯ ದಮ್ಮಾಮಿನಲ್ಲಿ, ಅವನು ಬಿಟ್ಟುಹೋದ ಅಂಗಿಗಳನ್ನು ಯಾರೂ ತೊಡದಿದ್ದರೂ ಒಗೆದು ಇಸ್ತ್ರಿ ಹಾಕಿಡುವ ಹೆಂಡತಿ ಇಲ್ಲಿ. ಅದನ್ನು ನನ್ನ ಗಂಡ ಶಾಹುಲ್‌ಗೆ ಫೋನಿನಲ್ಲಿ ಓದಿ ಹೇಳಿದ್ದೆ. “ನಮ್ಮ ಮನೆಯ ವಿಷಯ ಊರಿಗೆಲ್ಲ ಯಾಕೆ?” ಎಂದರು. ಉಳಿದ ಕವಿತೆಗಳ ಬಗ್ಗೆ ಕೇಳಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ಅದನ್ನು ತೆಗೆದೆ. ಅಷ್ಟರಲ್ಲಿ ಮುನ್ನುಡಿ ಬಂದಾಗಿತ್ತು. ಬರೆದುಕೊಟ್ಟ ಹಿರಿಯರು ಅದೇ ಕವಿತೆಯ ನಾಲ್ಕು ಸಾಲು ಎತ್ತಿ ಮೆಚ್ಚಿದ್ದರು. ಹಿರಿಯರ ಮುನ್ನುಡಿಗೆ ಕತ್ತರಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಕವಿತೆ ಹೋಯಿತು, ಹೊಗಳಿಕೆ ಉಳಿಯಿತು. ಯೋಗೀಶ್ ಮುನ್ನುಡಿಯಷ್ಟೇ ಓದಿ ಕೈತೊಳೆದುಕೊಂಡಿದ್ದರು.

ನಾನು ಮಂಗಳೂರಿನ ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟ್ ಟೈಪ್ ಮಾಡುವವಳು. ಎಷ್ಟು ಟೈಪ್ ಮಾಡಿದರೂ ಜನ ನೋಡುವುದು ಕೊನೆಯ ಸಾಲನ್ನು ಮಾತ್ರ. ಅದಕ್ಕೆ ನನಗೆ ಬೇಸರವಿಲ್ಲ, ಸಂಬಳ ಬರುತ್ತದೆ. ಆದರೆ ಪುಸ್ತಕವನ್ನು ಯಾರಾದರೂ ಒಬ್ಬರು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂದಿತ್ತು. ಒಬ್ಬರೇ ಸಾಕಿತ್ತು.

ವಾಟ್ಸಾಪಿನಲ್ಲಿ ಅಭಿನಂದನೆಗಳು ಬಂದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕೆಲಸದ ಜೊತೆಗಾತಿ ವಿನಿತಾ, “ನಿನ್ನ ಅಂಗಿ ಪದ್ಯ ಎರಡು ಸಲ ಓದಿದೆ ಮಾರಾಯ್ತಿ, ಕಣ್ಣಲ್ಲಿ ನೀರು ಬಂತು” ಎಂದಳು. ನನ್ನ ಸಹಿ ಹಾಕಿದ ಪ್ರತಿ ಅವಳ ಹತ್ತಿರ ಉಂಟು. ಏನು ಹೇಳುವುದು? ಥ್ಯಾಂಕ್ಸ್ ಹೇಳಿದೆ.

ಸಂಜೆ ಶಾಹುಲ್ ಫೋನ್ ಮಾಡಿದರು. ಯಾರೋ ವಿಮರ್ಶೆಯ ಫೋಟೋ ಕಳಿಸಿದ್ದರಂತೆ. ನಮ್ಮ ಬ್ಯಾರಿ ಭಾಷೆಯಲ್ಲಿ ಅವರಿಗೆ ಸಿಟ್ಟು ಚೆನ್ನಾಗಿ ಬರುತ್ತದೆ.

“ಬೇಡ ಅಂತ ಹೇಳಿದ್ದನ್ನೇ ಹಾಕಿದೆಯಲ್ಲ!”

“ಹಾಕಲಿಲ್ಲ. ರಜೆಗೆ ಬಂದಿದ್ದ ನಿಯಾಝ್ ಹತ್ತಿರ ಪುಸ್ತಕ ಕಳಿಸಿದ್ದೆನಲ್ಲ, ತೆರೆದು ನೋಡಿ.”

“ಅದರ ಪ್ಲಾಸ್ಟಿಕ್ ಇನ್ನೂ ಬಿಚ್ಚಲಿಲ್ಲ” ಎಂದು, ಊಟ ಆಯಿತಾ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಗಳ ಮಾಡಲೆಂದೇ ಶಕ್ತಿನಗರಕ್ಕೆ ಹೊರಟೆ. ‘ಅಳಿವೆ’ಯ ಸಂಪಾದಕ ದುಗ್ಗಪ್ಪನವರ ಮನೆ ಅಲ್ಲಿ. ಪಣಂಬೂರಿನ ಬಂದರಿನಲ್ಲಿ ದುಡಿದು ನಿವೃತ್ತರಾದವರು, ಚಾವಡಿಯೇ ಪತ್ರಿಕೆಯ ಕಚೇರಿ. ವಿಮರ್ಶೆಗೆಂದು ಬಂದ ಪುಸ್ತಕಗಳು ಕುರ್ಚಿಗಳನ್ನೆಲ್ಲ ಹಿಡಿದಿದ್ದವು. ಒಂದು ರಾಶಿ ಎತ್ತಿ ಕೆಳಗಿಟ್ಟು ಕೂತೆ.

“ಸರ್, ‘ಅಂಗಿ’ ನನ್ನ ಪುಸ್ತಕದಲ್ಲಿ ಇಲ್ಲ.”

“ಗೊತ್ತುಂಟು” ಎಂದರು ದುಗ್ಗಪ್ಪ. “ಪ್ರೂಫ್ ನೋಡುವಾಗಲೇ ಗೊತ್ತಾಯ್ತು.”

ನನ್ನ ಸಿಟ್ಟು ಎಲ್ಲಿ ಹೋಯಿತೋ! ಎದೆ ಹಗುರಾಯಿತು. ಇಲ್ಲವೆಂದು ಗೊತ್ತಾಗಬೇಕಾದರೆ ಪುಸ್ತಕ ಓದಿರಬೇಕಲ್ಲ? ಇಡೀ ಊರಿನಲ್ಲಿ ಒಬ್ಬರಾದರೂ ಓದಿದ್ದಾರೆ. ಬಂದ ಕೆಲಸವನ್ನೇ ಮರೆತು, ಪರೀಕ್ಷೆಯ ಫಲಿತಾಂಶ ಕೇಳುವವಳಂತೆ ಕೇಳಿದೆ, “ನಿಮಗೆ ಯಾವುದು ಇಷ್ಟ ಆಯ್ತು ಸರ್?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ ಮಾರಾಯ್ತಿ. ಆ ಸಾಲುಗಳಿಗೆ ಪುಟಸಂಖ್ಯೆ ಹಾಕುವಾ ಅಂತ ಪರಿವಿಡಿ ನೋಡಿದ್ದು. ಅದ್ರಲ್ಲಿ ಇರ್ಲಿಲ್ಲ. ಒಳಗೆ ನಾನು ಹೋಗ್ಲಿಲ್ಲ.”

ನನಗೆ ಅಳು ಬಂತು. ನುಂಗಿಕೊಂಡೆ.

“ಯೋಗೀಶ್ ಸರ್‌ಗೆ ಹೇಳ್ಬೇಕಿತ್ತು.”

“ಹೇಳಿದ್ರೆ ಅವ್ರು ಬರೆಯುದೇ ಬಿಡ್ತಾರೆ. ಮತ್ತೆ ಯಾರುಂಟು? ಎಲ್ರಿಗೂ ಪದ್ಯ ಬರೀಬೇಕು, ಓದುವವ್ರು ಇಲ್ಲ.” ರಾಶಿಯಿಂದ ತೆಳ್ಳಗಿನ ಪುಸ್ತಕವೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. “ನೀನೇ ಬರಿ. ದೀಕ್ಷಿತಾ ಅಂತ, ಹೊಸ ಹುಡುಗಿ. ಎರಡು ಪುಟ ಸಾಕು. ಮುನ್ನುಡಿ ಚಂದ ಉಂಟು.”

ಮನೆಗೆ ಬಂದು ಬೀಗ ತೆಗೆದೆ. ಚಹಾ ಮಾಡಿಕೊಂಡು ಪುಸ್ತಕ ಹಿಡಿದು ಕೂತರೆ, ಕೈ ತಾನಾಗಿ ಮುನ್ನುಡಿಯನ್ನೇ ಬಿಡಿಸಿತು. ಎಂಥ ಅಭ್ಯಾಸ ನೋಡಿ! ಬೇಕಾದದ್ದೆಲ್ಲ ಅಲ್ಲಿತ್ತು: ಯಾವ ಕವಿತೆ ಒಳ್ಳೆಯದು, ಯಾವ ಸಾಲು ಎತ್ತಬೇಕು, ಕೊನೆಗೆ ಏನೆಂದು ಹಾರೈಸಬೇಕು. ಒಂದು ಗಂಟೆಯ ಕೆಲಸ. ಯೋಗೀಶರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧದಿಂದ ಮುನ್ನುಡಿಯ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಮೊದಲ ಕವಿತೆಯಿಂದ ಓದತೊಡಗಿದೆ.

ಕೆಲವು ಸಪ್ಪೆ. ಎರಡು ಮೂರಂತೂ ಬರೆಯದಿದ್ದರೂ ನಡೆಯುತ್ತಿತ್ತು. ನಡುವೆ ಒಂದು ಕಡೆ ನಿಂತೆ. ಬಾಡಿಗೆ ಕೋಣೆಯ ಹುಡುಗಿಯೊಬ್ಬಳು, ತನ್ನ ಕುಕ್ಕರಿನ ಸೀಟಿ ಹಾಳಾಗಿರುವುದರಿಂದ, ಪಕ್ಕದ ಮನೆಯ ಕುಕ್ಕರ್ ಕೂಗುವುದನ್ನು ಕೇಳಿ ತನ್ನ ಒಲೆ ಆರಿಸುತ್ತಾಳೆ. ಆ ಮನೆಯವರ ಮುಖ ಅವಳು ನೋಡಿಲ್ಲ. ಅವರು ಊರಿಗೆ ಹೋದ ದಿನ ಅವಳು ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಾಳೆ, ಅಲ್ಲಿಗೆ ಮುಗಿಯಿತು. ಮುನ್ನುಡಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಾನು ಓದಿದೆ, ಮತ್ತೆ ಓದಿದೆ. ಸಂಜೆಯ ಮಗ್ರಿಬ್ ಬಾಂಗ್ ಕೇಳಿದಾಗ ಚಹಾ ತಣ್ಣಗಾಗಿತ್ತು.

ನಮಾಜು ಮುಗಿಸಿ, ಪುಸ್ತಕದ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ.

“ದೀಕ್ಷಿತಾ ಅಲ್ವಾ? ಪಕ್ಕದ ಮನೆಯವ್ರು ಊರಿಗೆ ಹೋದ ದಿನ ನೀವು ಎಂತ ತಿಂದ್ರಿ?”

“ಯಾರು ಮಾತಾಡುದು?”

“ಕುಕ್ಕರ್ ಕೂಗದ ದಿನ.”

ತೀರಾ ಸಣ್ಣ ದನಿಯಲ್ಲಿ ಅವಳು ಕೇಳಿದಳು.

“ನೀವು ಅದನ್ನು ಓದಿದ್ರಾ?”

“ಓದಿದೆ. ಎಲ್ಲ ಓದಿದೆ.”

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಏನೇನೋ ಹೇಳತೊಡಗಿದಳು, ಬನ್ನು ತಿಂದದ್ದು, ಅದು ಹಳಸಿದ್ದದ್ದು. ನಾನು ಹೂಂ ಹೂಂ ಎನ್ನುತ್ತಾ ಕೇಳಿದೆ. ನಿಜ ಹೇಳಬೇಕೆಂದರೆ, ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು.